ಕೆಂಪಿ ಕುದುರೆಯ ಕಾರ್ತಿಕ

ಬಲಿಪಾಡ್ಯದ ಮಧ್ಯಾಹ್ನ, ಮೂರು ಗಂಟೆ ಹತ್ತು ನಿಮಿಷ. ಬಸ್ಸು ತಡವಾಗಿದ್ದರಿಂದ ಇಳಿದ ಕೂಡಲೇ ಕೈಗಡಿಯಾರ ನೋಡಿಕೊಂಡಿದ್ದೆ. ಹೊತ್ತು ನೆನಪಿರುವುದು ಅದಕ್ಕೆ. ಬಾರ್ಕೂರಿನ ಹೊಳೆಬದಿಯಲ್ಲಿರುವ ಅಮ್ಮಮ್ಮನ ಮನೆಯ ಗೇಟು ತೆರೆದು ಒಳಗೆ ಕಾಲಿಡುವಾಗ ಕುದುರೆ ಲಾಯದಿಂದ ಒಂದು ಸದ್ದು ಬಂತು, ಅಕ್ಕಿಮುಡಿಯನ್ನು ಅಟ್ಟದಿಂದ ಕೆಳಗೆ ಎತ್ತಿಹಾಕಿದ ಹಾಗೆ. ಇನ್ನೊಮ್ಮೆ ಬಂತು. ಚೀಲವನ್ನು ಜಗಲಿಯಲ್ಲಿ ಬಿಟ್ಟು ಓಡಿದೆ.

ಕೆಂಪಿ ನೆಲದ ಮೇಲೆ ಬಿದ್ದು ಹೊರಳುತ್ತಿದ್ದಳು. ಮೈಯೆಲ್ಲ ಬೆವರಿ ಕಪ್ಪಾಗಿತ್ತು. ನನ್ನ ಸೋದರಮಾವ ಅವಳ ಮತ್ತು ಕಲ್ಲಿನ ಗೋಡೆಯ ನಡುವಿನ ಸಂದಿಯಲ್ಲಿ ನಿಂತು ಅವಳ ಮುಖದ ಹಗ್ಗ ಹಿಡಿದಿದ್ದರು. ಬೇರೆ ಕುದುರೆಗಳನ್ನು ಲಾರಿಯಲ್ಲಿ ತ್ರಾಸಿಯ ಕಡಲತೀರಕ್ಕೆ ಒಯ್ದಿದ್ದವರು ಆಗಷ್ಟೇ ಬಂದಿದ್ದರು. ಪ್ಯಾಂಟಿನ ಮಡಿಕೆಯಲ್ಲಿ ಸಮುದ್ರದ ಮರಳು ಹಾಗೇ ಇತ್ತು.

“ಒಳ್ಗ್ ಬರ್ಬೇಡ ಹೆಣೆ. ಹೋಯಿ ಡಾಕ್ಟ್ರಿಗೆ ಫೋನ್ ಮಾಡ್,” ಎಂದರು. ಸ್ವರ ಏರಿಸಿರಲಿಲ್ಲ.

ನಾನು ತಿರುಗುವಷ್ಟರಲ್ಲಿ ಕೆಂಪಿ ನಾಲ್ಕೂ ಕಾಲು ಮೇಲೆ ಮಾಡಿ ಬೆನ್ನಿನ ಮೇಲೆ ಬಂದಳು. ಅಷ್ಟು ದೊಡ್ಡ ಮೈ ಯಾವ ಕಡೆಗೆ ಬೀಳುವುದೆಂದು ತೀರ್ಮಾನವಾಗದೆ ಒಂದು ಕ್ಷಣ ತೂಗಿತು. ಗೋಡೆಯ ಕಡೆಗೆ ಬಿದ್ದಿದ್ದರೆ ಮಾವ ಉಳಿಯುತ್ತಿರಲಿಲ್ಲ. ಅವಳು ಬಂದ ಕಡೆಗೇ ವಾಪಸು ಬಿದ್ದಳು. ಹಿಂಗಾಲಿನ ಗೊರಸು ಮಾವನ ಕಿವಿಯ ಪಕ್ಕದ ಗೋಡೆಗೆ ಬಡಿದು ಗಾರೆ ಉದುರಿ ಅವರ ಹೆಗಲ ಮೇಲೆ ಬಿತ್ತು. ಅವರು ಹಗ್ಗ ಬಿಡದೆ, ಅವಳು ಏಳುವಾಗ ಅವಳ ಜೊತೆಗೇ ಹೊರಗೆ ಬಂದರು.

ಅದಾಗಿ ಎಷ್ಟೋ ವರ್ಷಗಳಾದವು. ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿರುವಾಗ, ಅನ್ನ ಬಸಿಯುವಾಗ, ಯಾವ ಕಾರಣವೂ ಇಲ್ಲದೆ ಆ ತೂಗಾಟ ಕಣ್ಣೆದುರಿಗೆ ಬರುತ್ತದೆ. ಕೆಲವು ಸಲ ಕೆಂಪಿ ಗೋಡೆಯ ಕಡೆಗೇ ಬೀಳುತ್ತಾಳೆ. ಮೊನ್ನೆ ತ್ರಾಸಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮೀನಿನ ಲಾರಿಯೊಂದು ನನ್ನ ಮುಂದೆ ನಿಂತಿತು. ಹಿಂದಿನ ಹಲಗೆಯ ಸಂದಿನಿಂದ ಮಂಜುಗಡ್ಡೆಯ ನೀರು ಡಾಂಬರಿನ ಮೇಲೆ ಸುರಿಯುತ್ತಿತ್ತು. ಕರಗುವ ಐಸಿಗೆ, ಮೀನಿಗೆ, ಬಿಸಿ ನೆಲಕ್ಕೆ ಸೇರಿ ಒಂದು ವಾಸನೆ ಇರುತ್ತದಲ್ಲ, ಅದು ಮೂಗಿಗೆ ತಾಗಿದ್ದೇ ಆ ಕಾರ್ತಿಕ ಮಾಸ ಇಡಿಯಾಗಿ ಎದುರು ನಿಂತಿತು. ನನ್ನ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ.

ಬಾರ್ಕೂರಿನವರು ಅಮ್ಮಮ್ಮನ ಮನೆಯನ್ನು ಕುದ್ರಿಮನೆ ಎನ್ನುತ್ತಿದ್ದರು. ಆ ಹೆಸರು ತಂದವರು ಅಜ್ಜಯ್ಯ. ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋದವರು. ಊರವರೆಲ್ಲ ಹೋಟೆಲು ಕೆಲಸಕ್ಕೆ ಸೇರಿದಂತೆ ಅವರೂ ಸೇರಿದರು. ಆದರೆ ಆ ಹೋಟೆಲು ರೇಸು ಕುದುರೆಗಳ ಲಾಯದ ಹಿಂಬದಿಗಿತ್ತು. ಬೆಳಗಿನ ಚಹಾ ಕೊಡಲು ಹೋಗಿ ಕುದುರೆ ಉಜ್ಜುವುದನ್ನು ಕಲಿತರು, ಗೊರಸು ಕೆರೆಯುವುದನ್ನು ಕಲಿತರು. ಹೋಟೆಲಿನ ಪಾಲುದಾರರಾಗಿ ನಾಲ್ಕು ಕಾಸು ಕಂಡ ಮೇಲೆ ಒಂದು ಬೇಸಿಗೆಯಲ್ಲಿ ಲಾರಿಯಲ್ಲಿ ಊರಿಗೆ ಬಂದಿಳಿದರು. ಲಾರಿಯಲ್ಲಿ ಮಂಚ, ಕಪಾಟು ಇರಬಹುದೆಂದು ನೋಡಲು ನಿಂತವರಿಗೆ ಕಂಡದ್ದು ಓಟದಿಂದ ನಿವೃತ್ತಿಯಾದ ಎರಡು ಕುದುರೆ. ಅಮ್ಮಮ್ಮ ಜಗಲಿಯಿಂದ ಇಳಿಯದೆ, “ಇದ್ ಹಾಲ್ ಕೊಡತ್ತಾ?” ಎಂದು ಕೇಳಿದರಂತೆ. “ಬಾರ್ಕೂರಿಗೆ ಕುದ್ರಿ ಹೊಸ್ತಾ? ರಾಜ್ರ್ ಕಾಲ್ದಂಗೆ ಹಡ್ಗಂಗೆ ಬತ್ತಿದ್ದೋ,” ಎಂದು ಅಜ್ಜಯ್ಯ ಉತ್ತರ ಕೊಟ್ಟರಂತೆ. ಬಾರ್ಕೂರು ರಾಜಧಾನಿಯಾಗಿದ್ದಾಗ ಹಡಗಿನಲ್ಲಿ ಕುದುರೆಗಳು ಬಂದಿಳಿಯುತ್ತಿದ್ದವೆಂಬುದು ಅವರ ಜೀವನದ ಮೆಚ್ಚಿನ ಮಾತಾಗಿತ್ತು, ಬಂದವರಿಗೆಲ್ಲ ಹೇಳುತ್ತಿದ್ದರು.

ಎರಡು ಇದ್ದದ್ದು ಆರಾಯಿತು. ಮಳೆ ಬಿಟ್ಟ ಮೇಲೆ ತ್ರಾಸಿಯ ಕಡಲತೀರದಲ್ಲಿ ಮಕ್ಕಳನ್ನು ಕೂರಿಸುವುದು, ಮದುವೆಯ ದಿಬ್ಬಣಕ್ಕೆ ಹೋಗುವುದು, ಶಾಲೆಯ ವಾರ್ಷಿಕೋತ್ಸವದಲ್ಲಿ ಯಾವುದಾದರೊಂದು ರಾಣಿಯ ಪಾತ್ರದ ಹುಡುಗಿಯನ್ನು ಹೊತ್ತು ಸುಮ್ಮನೆ ನಿಲ್ಲುವುದು, ಇವು ಅವುಗಳ ಕೆಲಸ. ಅಜ್ಜಯ್ಯ ತೀರಿದ ಮೇಲೆ ಎಲ್ಲವನ್ನೂ ನೋಡಿಕೊಂಡವರು ಅವರ ಮಗ, ನನ್ನ ಮಾವ. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಹಾಗಾಗಿ ಕುದ್ರಿಮನೆ ಅಮ್ಮಮ್ಮನದು, ಅವರ ನಂತರ ನನ್ನ ಅಮ್ಮನದು. ಮಾವ ತನ್ನದಲ್ಲದ ಮನೆಯನ್ನು ತನ್ನದಕ್ಕಿಂತ ಹೆಚ್ಚಾಗಿ ನೋಡಿಕೊಂಡರು. ಮದುವೆ ಆಗಲಿಲ್ಲ. “ಊರ್ ಗಂಡ್‌ಮಕ್ಳನ್ನೆಲ್ಲ ಕುದ್ರಿ ಹತ್ಸಿದ್ರಿ, ನೀವ್ ಹತ್ತುದ್ ಯಾವಾಗ ಶೆಟ್ರೆ?” ಎಂದು ಮೀನು ಮಾರುವ ಗುಲಾಬಿ ಪ್ರತಿ ಮದುವೆ ಕಾಲದಲ್ಲೂ ಕೇಳುತ್ತಿದ್ದಳು. “ನಾ ಹಗ್ಗ ಹಿಡ್ಕಂಬವ, ಗುಲಾಬಿ,” ಎನ್ನುತ್ತಿದ್ದರು.

ತೊಂಬತ್ತೊಂಬತ್ತರ ಆ ವರ್ಷ ನಾನು ಕುಂದಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಸೀಟಿಗೆ ಕಾಯುತ್ತಾ ಅಮ್ಮಮ್ಮನ ಮನೆಯಲ್ಲಿದ್ದೆ. ಅಪ್ಪ ಅಮ್ಮ ಇದ್ದದ್ದು ಶಂಕರನಾರಾಯಣದ ಹತ್ತಿರ. ಹಬ್ಬ ಹುಣ್ಣಿಮೆಗೆ ಅಲ್ಲಿಗೆ ಹೋಗಿಬರುತ್ತಿದ್ದೆ; ಪಾಡ್ಯದಂದು ಬಸ್ಸಿನಲ್ಲಿ ಬಂದದ್ದೂ ಅಲ್ಲಿಂದಲೇ. ಮಳೆಗಾಲವಿಡೀ ಮನೆಯಲ್ಲಿ ಒಂದೇ ಮಾತು: ಕೆಂಪಿ ಗಬ್ಬವಾಗಿದ್ದಾಳೆ. ಅಜ್ಜಯ್ಯ ಕೊನೆಯದಾಗಿ ತಂದ ಕುದುರೆ ಅವಳು. ರೇಸಿನಲ್ಲಿ ಅವಳಿಗೆ ಉದ್ದದ ಇಂಗ್ಲಿಷ್ ಹೆಸರಿತ್ತು. ಅಮ್ಮಮ್ಮನ ಬಾಯಿಗೆ ಅದು ಹಿಡಿಸದೆ, ಹಟ್ಟಿಯ ದನಕ್ಕೆ ಇಡುವ ಹೆಸರನ್ನೇ ಇಟ್ಟರು. ಅಷ್ಟು ವರ್ಷಗಳಲ್ಲಿ ನಮ್ಮ ಅಂಗಳದಲ್ಲಿ ಒಂದೂ ಮರಿ ಹುಟ್ಟಿರಲಿಲ್ಲ. ಹೊರಗಿನಿಂದ ತಂದ ಕುದುರೆಗಳು ಮುದಿಯಾಗಿ ಹೋಗುತ್ತಿದ್ದವು. ಇನ್ನೊಂದನ್ನು ತರಲು ಮಾವನಿಗೆ ಮುಂಬಯಿಯ ನಂಟು ಇರಲಿಲ್ಲ. ಕೆಂಪಿ ಹೆತ್ತರೆ ಕುದ್ರಿಮನೆ ಮುಂದುವರಿಯುತ್ತದೆ, ಇಲ್ಲವಾದರೆ ಮುಗಿಯುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾವ ಬೆಳಿಗ್ಗೆ ಎದ್ದು ಮೊದಲು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, ಆಮೇಲೆ ಮುಖ ತೊಳೆಯಲು ಹೋಗುತ್ತಿದ್ದರು.

ಡಾಕ್ಟರು ಬ್ರಹ್ಮಾವರದಿಂದ ಸ್ಕೂಟರಿನಲ್ಲಿ ಬಂದರು. ಹಾಸನದ ಕಡೆಯವರು, ಊರಿಗೆ ಬಂದು ಒಂದು ವರ್ಷವಾಗಿರಲಿಲ್ಲ. ಅಷ್ಟರಲ್ಲಿ ಮಾವ ಕೆಂಪಿಯನ್ನು ಅಂಗಳದಲ್ಲಿ ಸುತ್ತು ಹಾಕಿಸುತ್ತಿದ್ದರು. ಅವಳು ಮುಂಗಾಲು ಮಡಿಸಿ ಬೀಳಲು ನೋಡುವುದು, ಇವರು ಹಗ್ಗ ಜಗ್ಗಿ ನಡೆಸುವುದು. ಡಾಕ್ಟರು ಅವಳ ಹೊಟ್ಟೆಗೆ ಕಿವಿಕೊಟ್ಟು ಆಲಿಸಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, “ಏನು ತಿನ್ನಿಸಿದ್ರಿ ಇದಕ್ಕೆ?” ಎಂದು ಕೇಳಿದರು.

“ಬೆಳಿಗ್ಗೆ ಹುಲ್ಲ್ ಹಾಕಿ ಹೋದವ ನಾನು. ಬೇರೆ ಎಂತದೂ ಇಲ್ಲೆ,” ಎಂದರು ಮಾವ.

ಅಮ್ಮಮ್ಮ ಜಗಲಿಯ ಕಂಬ ಹಿಡಿದು ನಿಂತಿದ್ದರು. “ಗೋಪೂಜಿ ಇತ್ತಲೆ ಮಗಾ,” ಎಂದರು.

ಪಾಡ್ಯದ ಬೆಳಿಗ್ಗೆ ದನಗಳನ್ನು ಮೀಯಿಸಿ, ಹೂ ಹಾಕಿ, ಕುಂಕುಮ ಹಚ್ಚಿ, ತಿನ್ನಲು ಕೊಡುವುದು ಎಲ್ಲ ಕಡೆ ಇದ್ದದ್ದೇ. ನಮ್ಮ ಹಟ್ಟಿ ದೊಡ್ಡದಾದ್ದರಿಂದ ದನವಿಲ್ಲದ ನೆರೆಕರೆಯ ಮನೆಯವರೂ ಅಲ್ಲಿಗೇ ಬರುತ್ತಿದ್ದರು. ಅಜ್ಜಯ್ಯನ ಕಾಲದಲ್ಲಿ ಆ ದಿನ ಕುದುರೆಗಳಿಗೆ ದೂರದಿಂದ ಆರತಿ ಅಷ್ಟೇ. ಈ ಸಲ ಲಾಯ ತೊಳೆದಿದ್ದರಿಂದ ಕೆಂಪಿಯನ್ನು ದನಗಳ ಸಾಲಿನಲ್ಲೇ ಕಟ್ಟಿದ್ದರು. ಮಾವ ಕೆಲಸದ ಇಬ್ಬರನ್ನೂ ಕರೆದುಕೊಂಡು ತ್ರಾಸಿಗೆ ಹೋಗಿಯಾಗಿತ್ತು. ಹೊಟ್ಟೆ ಮುಂದೆ ಬಂದ ಕುದುರೆಯನ್ನು ನೋಡಿದ ಹೆಂಗಸರಿಗೆ ಏನು ಅನಿಸಬೇಕೋ ಅದೇ ಅನಿಸಿತು.

ಸುದ್ದಿ ತಿಳಿದು ಅವರೆಲ್ಲ ಬಂದು ಅಂಗಳದ ಅಂಚಿನಲ್ಲಿ ನಿಂತಿದ್ದರು. ಡಾಕ್ಟರು ಒಬ್ಬೊಬ್ಬರನ್ನೇ ಕೇಳಿದರು.

“ನಾ ಒಂದ್ ಮುಷ್ಟಿ ನೆನ್ಸಿದ್ ಅಕ್ಕಿ, ಬೆಲ್ಲ. ಅಷ್ಟೇ ಡಾಕ್ಟ್ರೆ.”

“ನಂದ್ ಅವಲಕ್ಕಿ. ಅದೂ ಒಂದೇ ಮುಷ್ಟಿ.”

“ಎರಡ್ ಕಡ್ಬ್ ಇತ್ತ್. ದನ ತಿಂಬುಕಿಲ್ಲ ಅಂತ್, ಇದ್ ತಿಂತ್.”

“ಹೊಸ ಅಕ್ಕಿ, ಅಮ್ಮನ್ ಮನಿಂದ ಬಂದದ್. ಒಂದ್ ಮುಷ್ಟಿ ಹಾಕ್ದೆ, ಮತ್ತೊಂದ್ ಹೊಟ್ಟಿ ಒಳ್ಗಿಪ್ಪುದಕ್ಕೆ.”

ಡಾಕ್ಟರು ಮೂಗಿನ ಮೂಲಕ ರಬ್ಬರು ಕೊಳವೆ ಇಳಿಸುತ್ತಾ, “ಊರೆಲ್ಲ ಸೇರಿ ಒಂದೊಂದು ಮುಷ್ಟಿ,” ಎಂದರು. ಯಾರನ್ನೂ ಬೈಯಲಿಲ್ಲ. “ಕುದುರೆಗೆ ವಾಂತಿ ಮಾಡೋಕೆ ಬರಲ್ಲಮ್ಮ. ದನದ ಥರ ಮೆಲುಕೂ ಇಲ್ಲ. ಒಳಗೆ ಹೋದದ್ದು ಒಳಗೇ ಉಬ್ಬುತ್ತೆ.”

ಕೊಳವೆಯ ಇನ್ನೊಂದು ತುದಿಯಿಂದ ಹುಳಿ ಬಂದ ಹಿಟ್ಟಿನ ಗಾಳಿ ಹೊರಬಂತು. ಎಣ್ಣೆ ಹೊಯ್ದರು, ಎರಡು ಇಂಜೆಕ್ಷನ್ ಕೊಟ್ಟರು. ಗುಂಪಿನ ಹಿಂದಿನಿಂದ ಗುಲಾಬಿ ನಿಧಾನ ಮುಂದೆ ಬಂದಳು. ಅವಳ ಕಣ್ಣು ಕೆಂಪಾಗಿತ್ತು.

“ಬಸ್ರಿಗೆ ಬಯ್ಕಿ ಹಾಕುದಿಲ್ಯಾ ಅಂದೇಳಿ ಶುರು ಮಾಡಿದ್ದ್ ನಾನೇ, ಶೆಟ್ರೆ. ಪೂಜಿ ಮುಗ್ದ್ ಎಲ್ರೂ ಹೊರ್ಟಿದ್ರ್.”

ಮಾವ ಹಗ್ಗ ಎಳೆದು ಕೆಂಪಿಯನ್ನು ತಿರುಗಿಸಿದರು. ಒಂದು ಸುತ್ತು ಮುಗಿಸಿ ಬಂದ ಮೇಲೆ, “ನಾ ಮನಿಯಂಗ್ ಇರ್ಕಿತ್ತ್,” ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡರು. ಆ ವಿಷಯದಲ್ಲಿ ಅವರು ಆಡಿದ್ದು ಅಷ್ಟೇ ಮಾತು.

ಆ ಸಂಜೆ ಬಲೀಂದ್ರನನ್ನು ಕರೆಯಲು ನಮ್ಮ ಮನೆಯಿಂದ ಯಾರೂ ಗದ್ದೆಗೆ ಹೋಗಲಿಲ್ಲ. ನೆರೆಮನೆಯವರು ನಮ್ಮ ಗದ್ದೆಯಲ್ಲೂ ದೀಪವಿಟ್ಟು ಕೂಗಿ ಬಂದರು. ಕೂಗು ಹೊಳೆಯ ಆಚೆಗೆ ತಾಗಿ ವಾಪಸು ಬರುತ್ತಿತ್ತು. ಕೆಂಪಿ ಕಿವಿ ನಿಮಿರಿಸಿ ಅದನ್ನು ಕೇಳಿ, ಮತ್ತೆ ತಲೆ ತಗ್ಗಿಸಿ ಮಾವನ ಹಿಂದೆ ನಡೆಯುತ್ತಿದ್ದಳು. ಮಾವ ದಣಿದಾಗ ನಾನು ಹಿಡಿದೆ. ಅಲ್ಲಿಯವರೆಗೆ ಕುದುರೆಯೆಂದರೆ ನಾಲ್ಕು ಮಾರು ದೂರ ನಿಲ್ಲುವವಳು ನಾನು. ಅವಳ ಉಸಿರು ನನ್ನ ಕುತ್ತಿಗೆಗೆ ಬಿಸಿಯಾಗಿ ತಾಗುತ್ತಿತ್ತು. ಅವಳು ಮಂಡಿ ಬಗ್ಗಿಸಿದಾಗಲೆಲ್ಲ ಮಧ್ಯಾಹ್ನದ ಗೋಡೆ ನೆನಪಾಗಿ ಒಂದು ಹೆಜ್ಜೆ ದೂರ ಸರಿಯುತ್ತಿದ್ದೆ. ಆದರೂ ಹಗ್ಗ ಬಿಡಲು ಕೈ ಬರಲಿಲ್ಲ.

ಮರುದಿನ ಬೆಳಿಗ್ಗೆ ಕೆಂಪಿ ಲದ್ದಿ ಹಾಕಿದಳು. ಮಾವ ಅದನ್ನು ಬೊಗಸೆಯಲ್ಲಿ ಎತ್ತಿಕೊಂಡು ಜಗಲಿಯವರೆಗೆ ಬಂದು ಅಮ್ಮಮ್ಮನಿಗೆ ತೋರಿಸಿದರು. ಅಮ್ಮಮ್ಮ ದೇವರ ದೀಪಕ್ಕೆ ಎಣ್ಣೆ ಹಾಕಲು ಎದ್ದರು. ಎಲ್ಲ ಮುಗಿಯಿತೆಂದು ನಾವು ತಿಳಿದೆವು. ಡಾಕ್ಟರು ಬಂದು ಬಗ್ಗಿ ಅವಳ ಮುಂಗಾಲಿನ ಗೊರಸುಗಳ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

“ಹೊಟ್ಟೆ ಗೆದ್ದಳು. ಇನ್ನು ಕಾಲು,” ಎಂದರು. ಹೊಟ್ಟೆಯಲ್ಲಿ ಹುಳಿತದ್ದರ ವಿಷ ಗೊರಸಿಗೆ ಇಳಿಯುತ್ತದಂತೆ. ಗೊರಸಿನ ಒಳಗಿನ ಮೂಳೆಯನ್ನು ಹಿಡಿದಿಟ್ಟ ಪದರ ಊದಿ ಸಡಿಲವಾದರೆ ಮೂಳೆ ಕೆಳಗೆ ಜಾರುತ್ತದೆ. “ಜಾರಿದರೆ ಅವಳು ನಿಲ್ಲಲಾರಳು. ನಿಲ್ಲಲಾರದ ಕುದುರೆಯನ್ನು ಇಟ್ಟುಕೊಳ್ಳೋಕಾಗಲ್ಲ ಶೆಟ್ರೆ, ನಾನೇ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಬೇಕಾಗುತ್ತೆ. ಮರಿ ಇನ್ನೂ ಹೊರಗೆ ಬದುಕೋ ಅಷ್ಟು ಬೆಳೆದಿಲ್ಲ. ಈಗಿಂದಲೇ ಕಾಲನ್ನು ಐಸಿನಲ್ಲಿ ಇಡಿ. ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೇದು. ಬರಿಯ ನೀರು ಸಾಲದು.”

“ಐಸ್ ಎಲ್ಲಿಂದ ತರುದ್ ಡಾಕ್ಟ್ರೆ? ಈ ಊರಂಗೆ ಸೋಡಕ್ಕೆ ಹಾಕುಕೂ ಸಿಕ್ಕುದಿಲ್ಲ,” ಎಂದರು ಮಾವ.

ಗುಲಾಬಿ ಗೇಟಿನಲ್ಲೇ ಇದ್ದಳು, ತಲೆಯ ಮೇಲೆ ಬುಟ್ಟಿ. “ನಿಮ್ಗೆ ತಲಿ ಸಮ ಇತ್ತಾ ಶೆಟ್ರೆ? ಐಸಿಗೆ ಎಂತ ಬರ್ಗಾಲ? ನಾವ್ ಎಂತದ್ರಂಗೆ ಮೀನ್ ಇಡುದ್?” ಎಂದವಳು ಬುಟ್ಟಿಯನ್ನು ಅಲ್ಲೇ ಇಳಿಸಿ ಹೋದಳು.

ಬಿಸಿಲೇರುವ ಮೊದಲೇ ಹಂಗಾರಕಟ್ಟೆ ಬಂದರಿನ ಕಡೆಯಿಂದ ಮೀನಿನ ಟೆಂಪೋ ಬಂತು. ಪುಡಿ ಮಾಡಿದ ಐಸು ತುಂಬಿದ ಮೀನಿನ ಪೆಟ್ಟಿಗೆಗಳು. ಗುಲಾಬಿಯ ಗಂಡ ಮತ್ತು ಬೋಟಿನ ನಾಲ್ವರು ಇಳಿಸಿದರು. ಹಿಂದಿನ ದಿನವಷ್ಟೇ ಪೂಜೆ ಮಾಡಿದ ಹಟ್ಟಿಯ ಬಾಗಿಲಲ್ಲಿ ಹೂವು ಇನ್ನೂ ಬಾಡಿರಲಿಲ್ಲ. ಗುಲಾಬಿ ಅಲ್ಲೇ ನಿಂತು, “ಅಮ್ಮ, ಒಳ್ಗ್ ತರುದಾ? ಮೀನಿನ್ ಪೆಟ್ಟಿ,” ಎಂದು ಕೇಳಿದಳು.

“ಐಸಿಗೆ ಎಂತ ಮಡಿ? ತಕಂಬಾ,” ಎಂದರು ಅಮ್ಮಮ್ಮ. ಐಸಿನಲ್ಲಿ ಸಿಕ್ಕಿಕೊಂಡಿದ್ದ ಮೀನಿನ ತಲೆ ಕಂಡು, “ಆ ಬಂಗ್ಡಿ ತಲಿ ಒಂದ್ ತೆಗ್ದ್ ಹಾಕ್,” ಎಂದೂ ಸೇರಿಸಿದರು.

ಮೀನಿನ ವಾಸನೆಗೆ ಕೆಂಪಿ ಮೂಗು ಅರಳಿಸಿ ಹಿಂದೆ ಸರಿದಳು. ಮೇಲ್ತುಟಿ ಎತ್ತಿ ಹಲ್ಲು ತೋರಿಸಿದಳು. “ಕಾಣಿ ಕಾಣಿ, ದಿಬ್ಣದ್ ಕುದ್ರಿ ಅಲ್ದಾ, ಮೀನ್‌ಗಾರ್ರ್ ಕಂಡ್ರೆ ಆತಿಲ್ಲೆ ಇದ್ಕೆ,” ಎಂದು ಗುಲಾಬಿ ಮೂಗಿಗೆ ಸೆರಗು ಹಿಡಿದು ನಕ್ಕಳು. ಎರಡು ದಿನದಲ್ಲಿ ಅಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ರಬ್ಬರಿನ ದೊಡ್ಡ ಟಬ್ಬುಗಳಲ್ಲಿ ಐಸು ತುಂಬಿ, ಒಂದೊಂದು ಕಾಲನ್ನೂ ಎತ್ತಿ ಇಳಿಸಿದೆವು. ಮಂಡಿಯ ಕೆಳಗಿನವರೆಗೂ ಐಸು. ಕೆಂಪಿ ಒಮ್ಮೆ ನಡುಗಿದಳು, ಆಮೇಲೆ ಅದರಿಂದ ಸುಖವಾಯಿತೋ ಏನೋ, ಮಾವನ ಭುಜದ ಮೇಲೆ ಗದ್ದವಿಟ್ಟು ಸುಮ್ಮನಾದಳು.

ಐಸು ಕರಗುತ್ತಿತ್ತು, ಮತ್ತೆ ಬರುತ್ತಿತ್ತು. ಸಮುದ್ರಕ್ಕೆ ಹೋಗುವ ಬೋಟಿನ ಪಾಲಿನಿಂದ ಒಂದು ಪೆಟ್ಟಿಗೆ ಕಡಿಮೆ ಮಾಡಿ ನಮಗೆ ಕಳಿಸುತ್ತಿದ್ದರು. ಅಂದು ಮುಷ್ಟಿ ಹಾಕಿದ ಹೆಂಗಸರೇ ಪಾಳಿಯ ಮೇಲೆ ಬಂದು, ಟಬ್ಬಿನ ನೀರು ಚೆಲ್ಲಿ ಹೊಸ ಐಸು ಸುರಿಯುತ್ತಿದ್ದರು. ಕೈ ಮರಗಟ್ಟಿದಾಗ ಅಮ್ಮಮ್ಮನ ಒಲೆಯ ಮುಂದೆ ಕೂತು ಕಾಯಿಸಿಕೊಂಡು ಮತ್ತೆ ಹೋಗುತ್ತಿದ್ದರು. ಕೆಲಸದವರು ಹೊಳೆಯಿಂದ ಮರಳು ಹೊತ್ತು ತಂದು, ಗೊರಸು ಹೂತುಹೋಗುವಷ್ಟು ದಪ್ಪಕ್ಕೆ ಲಾಯದಲ್ಲಿ ಹರಡಿದರು. ಗಟ್ಟಿ ನೆಲದ ಮೇಲೆ ಅವಳು ಒಂದು ಹೆಜ್ಜೆಯನ್ನೂ ಇಡಬಾರದೆಂದು ಡಾಕ್ಟರ ಆಜ್ಞೆಯಾಗಿತ್ತು.

ಐಸಿನ ದಿನಗಳು ಮುಗಿದ ಮೇಲೆ ಬಂದದ್ದು ಇನ್ನೂ ಕಷ್ಟದ ಕಾಲ, ಏಕೆಂದರೆ ಮಾಡಲು ಏನೂ ಇರಲಿಲ್ಲ. ಕೆಂಪಿ ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಮುಂಗಾಲನ್ನು ಮುಂದೆ ಚಾಚಿ ನಿಲ್ಲುತ್ತಿದ್ದಳು. ಒಂದು ಗೊರಸು ಎತ್ತುವುದು, ಇಡುವುದು. ಇನ್ನೊಂದು ಎತ್ತುವುದು, ಇಡುವುದು. ಡಾಕ್ಟರು ಎರಡು ದಿನಕ್ಕೊಮ್ಮೆ ಬಂದು ಗೊರಸಿನ ತಳವನ್ನು ಒತ್ತಿ ನೋಡಿ, “ಕಾಯೋಣ,” ಎಂದು ಹೋಗುತ್ತಿದ್ದರು. ಆ ಮಾತು ಕೇಳಲು ಮಾವ ಬೆಳಗಿನಿಂದ ಗೇಟಿನ ಕಡೆಗೇ ನೋಡುತ್ತಿದ್ದರು. ಡಾಕ್ಟರ ಸ್ಕೂಟರಿನ ಡಬ್ಬಿಯಲ್ಲಿ ಏನಿರಬಹುದೆಂದು ನಾವಿಬ್ಬರೂ ಯೋಚಿಸುತ್ತಿದ್ದೆವು, ಪರಸ್ಪರ ಹೇಳಿಕೊಂಡಿರಲಿಲ್ಲ.

ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಮಾವ ಲಾಯದ ಬಾಗಿಲಿಗೆ ಮಂಚ ಹಾಕಿಕೊಂಡಿದ್ದರು. ಅಮ್ಮಮ್ಮ ಜಗಲಿಯಲ್ಲಿ, ನಾನು ಒಳಗೆ. ತೆಂಗಿನಕಾಯಿ ಬಿದ್ದರೂ ಮೂವರೂ ಎದ್ದು ಕೂರುತ್ತಿದ್ದೆವು. ಕೆಂಪಿ ಮಗ್ಗುಲು ಬದಲಿಸಿದ ಸದ್ದಿಗೆ ಗೋಡೆಗೆ ಗೊರಸು ತಾಗಿತೆಂದು ನಾನು ಕಿಟಕಿಗೆ ಓಡುತ್ತಿದ್ದೆ. ಕಣ್ಣು ಮುಚ್ಚಿದರೆ ಅವಳು ಬೆನ್ನಿನ ಮೇಲೆ ತೂಗುತ್ತಿರುತ್ತಿದ್ದಳು. ಒಂದು ಮುಂಜಾನೆ ಬಚ್ಚಲ ಹತ್ತಿರ ಮಾವನಿಗೆ ಇದನ್ನು ಹೇಳಿದೆ.

“ನಂಗೂ ಹಂಗೇ ಕಾಂತತ್ತ್,” ಎಂದರು. “ನಾ ಅಲ್ಲಿ ನಿಂತದ್ ಎಂತಕೆ ಗೊತ್ತಾ? ಗ್ವಾಡಿಗೆ ಹೊಟ್ಟಿ ತಾಗಿರೆ ಮರಿಗೆ ಪೆಟ್ಟಾಪುದಲ್ದಾ ಅಂದೇಳಿ. ಮಧ್ಯ ನಾ ಇದ್ರೆ ಸ್ವಲ್ಪ ಮೆತ್ತಗಿರ್ತ್.”

ಅದನ್ನು ಎಷ್ಟು ಸಣ್ಣ ಸ್ವರದಲ್ಲಿ ಹೇಳಿದರೆಂದರೆ, ಅವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ನನಗೆ ಅದರ ಅರ್ಥವಾಯಿತು.

ತುಳಸಿಪೂಜೆ ಕಳೆಯಿತು. ಗದ್ದೆಯ ಕೊಯ್ಲು ಮುಗಿದು ಅಂಗಳಕ್ಕೆ ಸೆಗಣಿ ಸಾರಿಸಿ, ಹೊಡೆದ ಹುಲ್ಲನ್ನು ಮೂಲೆಯಲ್ಲಿ ಒಟ್ಟಿ ಕುತ್ರಿ ಹಾಕಿದರು. ಬೆಳಗಿನ ಹೊತ್ತು ಹೊಳೆಯ ಮೇಲೆ ತೆಳ್ಳಗೆ ಮಂಜು ಕಾಣತೊಡಗಿತು. ಕೆಂಪಿ ಈಚೀಚೆಗೆ ಗೊರಸು ಎತ್ತುವುದು ಕಡಿಮೆಯಾಗಿದೆಯೆಂದು ನನಗೆ ಅನಿಸುತ್ತಿತ್ತು. ಕಣ್ಣಿನ ಆಸೆಯಿರಬಹುದೆಂದು ಬಾಯಿ ಬಿಡಲಿಲ್ಲ.

ಕಾರ್ತಿಕದ ಕೊನೆಯ ದಿನಗಳಲ್ಲೊಂದು ಬೆಳಿಗ್ಗೆ ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ನನ್ನ ಚಾಪೆಯ ಮೇಲಿತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಯಾರೂ ಎದ್ದ ಸದ್ದಿಲ್ಲ, ಲಾಯದಿಂದ ಒಂದು ಕೆನೆತವೂ ಇಲ್ಲ. ಓಡಿ ಹೊರಗೆ ಬಂದೆ.

ಅಮ್ಮಮ್ಮ ಜಗಲಿಯ ಮೆಟ್ಟಿಲಲ್ಲಿ ಕೆದರಿದ ತಲೆಯಲ್ಲೇ ಕುಳಿತಿದ್ದರು. ಅವರೂ ಆಗಷ್ಟೇ ಎದ್ದವರು. ಮಾವ ಮಂಚದ ಮೇಲೆ ಬಾಯಿ ತೆರೆದು ಮಲಗಿದ್ದರು. ಅವರ ಹಿಂದೆ ಲಾಯದ ಬಾಗಿಲು ತೆರೆದಿತ್ತು, ಮರಳು ಖಾಲಿಯಾಗಿತ್ತು. ಸಾರಿಸಿದ ಗಟ್ಟಿ ಅಂಗಳದ ಮೇಲೆ, ಮಂಚವನ್ನು ಬಳಸಿಕೊಂಡು, ಗೊರಸಿನ ಗುರುತುಗಳು ಒಂದೇ ಅಳತೆಯಲ್ಲಿ ಕುತ್ರಿಯವರೆಗೆ ಹೋಗಿದ್ದವು. ಕೆಂಪಿ ಅಲ್ಲಿ ನಾಲ್ಕೂ ಕಾಲಿನ ಮೇಲೆ ನೆಟ್ಟಗೆ ನಿಂತು ಹುಲ್ಲು ಎಳೆಯುತ್ತಿದ್ದಳು. ನಾನು ಹಗ್ಗ ಹಿಡಿಯಲು ಇಳಿಯಹೊರಟಾಗ ಅಮ್ಮಮ್ಮ ನನ್ನ ಸೆರಗು ಹಿಡಿದು ಕೂರಿಸಿದರು.

“ಬರೀ ಹುಲ್ಲ್ ಅಲ್ದಾ, ತಿನ್ಲಿ.”

“ಮಾವನ್ನ ಎಬ್ಸುದಾ?”

“ಬ್ಯಾಡ. ಮನಿಕಣ್ಲಿ.”

ಇಬ್ಬರೂ ಮೆಟ್ಟಿಲಲ್ಲೇ ಕುಳಿತೆವು. ಕೆಂಪಿಯ ಪಕ್ಕೆಯ ಚರ್ಮ ಒಳಗಿನಿಂದ ಒಮ್ಮೆ ಉಬ್ಬಿ ಇಳಿಯಿತು. ಅವಳು ತಲೆ ತಿರುಗಿಸಿ ಅದನ್ನು ನೋಡಿ, ಮತ್ತೆ ಮೇಯತೊಡಗಿದಳು. ಬಿಸಿಲು ಮಾವನ ಮುಖದವರೆಗೆ ಬಂದಾಗ ಅಮ್ಮಮ್ಮ ಸದ್ದಿಲ್ಲದೆ ಇಳಿದು ಹೋಗಿ, ಅವರು ಹೊದ್ದಿದ್ದ ಪಂಚೆಯನ್ನು ಕಣ್ಣಿನ ಮೇಲಕ್ಕೆ ಎಳೆದು ಬಂದರು.